ಬಚ್ಚಲ ಬಾಗಿಲಲ್ಲಿ ಅಂಟುವ ಕಾಲು: ಪಾರ್ಕಿನ್ಸನ್ ಮನೆಗಳಲ್ಲಿ ನಾನು ಹಾಕಿದ ಪಟ್ಟಿಗಳು

ಪಾರ್ಕಿನ್ಸನ್ ಅನ್ನುವ ನರರೋಗ ಬಂದ ಹಲವರಿಗೆ ನಡೆಯುವಾಗ ಪಾದ ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ನೆಲಕ್ಕೆ ಟೇಪಿನ ಪಟ್ಟಿ ಅಂಟಿಸಿ ಅಂಥ ಪೇಷಂಟನ್ನು ನಡೆಸುತ್ತೇನೆ ಅಂದಾಗ ನಮ್ಮ ಫಿಸಿಯೋಥೆರಪಿ ಗೆಳೆಯರೇ ನಂಬಲಿಲ್ಲ. "ಕ್ಲಿನಿಕ್ಕಲ್ಲಿ ನಡೀತಾರೆ, ಮನೆಗೆ ಹೋದ್ರೆ ಮತ್ತೆ ಅದೇ ಕಥೆ" ಅಂದರು. ಆ ಮಾತು ನಿಜ. ಅದಕ್ಕೇ ನಾನು ಕ್ಲಿನಿಕ್ಕಿನ ನೆಲ ಬಿಟ್ಟು, ಪೇಷಂಟಿನ ಮನೆಯಲ್ಲೇ, ಕಾಲು ಅಂಟುವ ಜಾಗದಲ್ಲೇ ಪಟ್ಟಿ ಹಾಕಲು ಶುರು ಮಾಡಿದೆ. ಈಗ ದಾವಣಗೆರೆ ಸುತ್ತಮುತ್ತ ಹೆಚ್ಚುಕಡಿಮೆ ಇಪ್ಪತ್ತು ಮನೆಗಳಲ್ಲಿ ನನ್ನ ಪಟ್ಟಿಗಳಿವೆ. ಮುಕ್ಕಾಲು ಪಾಲು ಮನೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿವೆ. ಅವತ್ತು ನಂಬದವರಲ್ಲಿ ಇಬ್ಬರು ಈಗ ಫೋನ್ ಮಾಡಿ ಯಾವ ಟೇಪ್ ಅಂತ ಕೇಳುತ್ತಾರೆ.

ಗೆರೆಯ ವಿಷಯ ಹೊಸದಲ್ಲ. ಲಂಡನ್ನಿನ ನರರೋಗ ವೈದ್ಯ ಪರ್ಡನ್ ಮಾರ್ಟಿನ್ 1967ರಲ್ಲೇ ಬರೆದಿಟ್ಟಿದ್ದಾರೆ. ದಾರಿಗೆ ಅಡ್ಡವಾಗಿ ಗೆರೆ ಇದ್ದರೆ ಹೆಜ್ಜೆ ಬರುತ್ತದೆ, ಉದ್ದಕ್ಕೆ ಎಳೆದರೆ ಬರುವುದಿಲ್ಲ. ಹೆಜ್ಜೆಯನ್ನು ಒಳಗಿನಿಂದ ಶುರು ಮಾಡಿಸುವ, ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಕೈಕೊಟ್ಟರೂ, ಕಣ್ಣು ಕೊಟ್ಟ ಸುದ್ದಿ ಬೇರೆ ದಾರಿ ಹಿಡಿದು ಕಾಲಿಗೆ ತಲುಪುತ್ತದೆ.

ನನಗೆ ಕಣ್ಣು ತೆರೆಸಿದ್ದು ಒಬ್ಬ ನಿವೃತ್ತ ಮೇಷ್ಟ್ರ ಮನೆ. ಅವರ ಹೆಂಡತಿ ಹೇಳಿದರು, "ದೇವರ ಮನೆಗೆ ಹೋಗೋವಾಗ ಏನೂ ಇಲ್ಲ ಸರ್, ಬಚ್ಚಲಿಗೆ ಹೋಗೋವಾಗ ಮಾತ್ರ ಕಾಲು ಅಂಟಿಕೊಳ್ಳತ್ತೆ." ಮಗನಿಗೆ ಅಪ್ಪ ಬೇಕಂತಲೇ ಮಾಡುತ್ತಾರೆ ಅನ್ನುವ ಅನುಮಾನ. ನಾನು ಎರಡೂ ಬಾಗಿಲು ನೋಡಿದೆ. ದೇವರ ಮನೆಗೆ ಮರದ ಹೊಸಿಲಿದೆ, ಅದರ ಮೇಲೆ ರಂಗೋಲಿಯ ಬಿಳಿ ಎಳೆ. ಹೊಸಿಲು ತುಳಿಯಬಾರದು ಅಂತ ಚಿಕ್ಕಂದಿನಿಂದ ದಾಟಿದವರು, ಕಣ್ಣಿಗೆ ಬಿದ್ದ ಕೂಡಲೇ ಕಾಲು ಎತ್ತುತ್ತಾರೆ. ಬಚ್ಚಲಿನದು ಇತ್ತೀಚೆಗೆ ಮಾಡಿಸಿದ್ದು. ಹೊಸಿಲಿಲ್ಲ, ಒಳಗೂ ಹೊರಗೂ ಒಂದೇ ಬಣ್ಣದ ಟೈಲ್ಸ್. ಅಲ್ಲಿ ಬಂದು ನಿಂತರೆ ಹಿಮ್ಮಡಿ ಮೇಲೆದ್ದು ಪಾದ ನಡುಗುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಕೈ ಚೌಕಟ್ಟು ಹಿಡಿಯುತ್ತದೆ. ಪಾದ ಮಾತ್ರ ಏಳುವುದಿಲ್ಲ. ಅಲ್ಲೇ ಇದ್ದ ದಿನಪತ್ರಿಕೆಯನ್ನು ಉದ್ದಕ್ಕೆ ಮಡಚಿ ಬಾಗಿಲಿಗೆ ಅಡ್ಡವಾಗಿ ಹಾಕಿದೆ. "ಮೇಷ್ಟ್ರೇ, ಇದನ್ನ ದಾಟಿ" ಅಂದೆ. ದಾಟಿದರು. ಮಗ ಮಾತಾಡಲಿಲ್ಲ.

ಪೇಪರ್ ಬಿಟ್ಟು ಗಟ್ಟಿಯಾದದ್ದು ಹಾಕುವುದರಲ್ಲೇ ನನ್ನ ದುಡ್ಡು ಹೋಗಿದ್ದು. ಎಲೆಕ್ಟ್ರಿಕಲ್ ಟೇಪ್ ₹10-15ಕ್ಕೆ ಸಿಗುತ್ತದೆ, ಆದರೆ ಅಗಲ ಸಾಲದು, ಎರಡು ವಾರದಲ್ಲಿ ಅಂಚು ಮೇಲೇಳುತ್ತದೆ. ಅಂಚು ಎದ್ದ ಟೇಪ್ ಈ ಪೇಷಂಟುಗಳಿಗೆ ಬಲು ಅಪಾಯ. ಮಾಸ್ಕಿಂಗ್ ಟೇಪ್ ಗೋಂದು ಬಿಟ್ಟು ಹೋಗುತ್ತದೆ, ಅದರ ಮೇಲೆ ಕೊಳೆ ಕೂತು ಮನೆಯವರ ಮುಖ ಕೆಡುತ್ತದೆ. ಒಂದು ಮನೆಯಲ್ಲಿ ಪೇಂಟ್ ಹಚ್ಚಲು ಹೊರಟರೆ ಸೊಸೆ ಒಪ್ಪಲಿಲ್ಲ, ಅವರದೂ ಸರಿ. ಕೊನೆಗೆ ಕಾರ್ಖಾನೆಗಳಲ್ಲಿ ನೆಲ ಗುರುತಿಸಲು ಬಳಸುವ 2 ಇಂಚಿನ ಪಿವಿಸಿ ಟೇಪಿಗೆ ಬಂದೆ. ರೋಲಿಗೆ ₹300ರ ಆಸುಪಾಸು, ಮೂರು ನಾಲ್ಕು ಮನೆಗೆ ಆಗುತ್ತದೆ. ಇಷ್ಟು ಗೊತ್ತಾಗುವ ಹೊತ್ತಿಗೆ ನನ್ನ ಕೈಯಿಂದ ಆರೇಳು ಸಾವಿರ ಹೋಗಿತ್ತು. ಅಂಟಿಸುವ ಮೊದಲು ನೆಲ ಪೂರ್ತಿ ಒಣಗಿರಬೇಕು. ಫಿನಾಯಿಲ್ ಹಾಕಿ ಒರೆಸಿದ ದಿನ ಅಂಟಿಸಿದರೆ ನಿಲ್ಲುವುದೇ ಇಲ್ಲ.

ಬಣ್ಣ ನೆಲಕ್ಕೆ ಎದುರಾಗಿರಬೇಕು. ರೆಡ್ ಆಕ್ಸೈಡ್ ನೆಲಕ್ಕೆ ಬಿಳಿ ಅಥವಾ ಹಳದಿ, ಬಿಳಿ ಟೈಲ್ಸಿಗೆ ಕಡು ನೀಲಿ. ಹಳೇ ಮನೆಗಳ ಮೊಸಾಯಿಕ್ ನೆಲದಲ್ಲಿ ಯಾವ ಬಣ್ಣವೂ ಎದ್ದು ಕಾಣದೆ ಒದ್ದಾಡಿದ್ದೇನೆ. "ಟೈಲ್ಸ್ ಸಂದೇ ಇದೆಯಲ್ಲ, ಅದನ್ನೇ ನೋಡಿ ನಡೆಯಲಿ" ಅನ್ನುವವರಿದ್ದಾರೆ. ಆ ಸಂದು ತೆಳು, ಟೈಲ್ಸಿನದೇ ಬಣ್ಣ, ಮೇಲಾಗಿ 2 ಅಡಿಗೆ ಒಂದು. ಸಣ್ಣ ಹೆಜ್ಜೆಯವರಿಗೆ ಅದು ಸಿಗುವುದೇ ಇಲ್ಲ. ಪಾರ್ಕಿನ್ಸನ್ ಮಾತ್ರೆಯ ಪ್ರಭಾವ ಚೆನ್ನಾಗಿ ಇರುವ ಹೊತ್ತಲ್ಲಿ ಅವರ ಹೆಜ್ಜೆ ಅಳೆದು ಅದೇ ಅಂತರ ಇಡುತ್ತೇನೆ. ಸಾಮಾನ್ಯವಾಗಿ 40ರಿಂದ 50 ಸೆಂ.ಮೀ. ಬರುತ್ತದೆ. ಆದರೆ ಪಟ್ಟಿ ಪರೀಕ್ಷೆ ಮಾಡುವುದು ಮಾತ್ರ ಮಾತ್ರೆಯ ಪ್ರಭಾವ ಇಳಿದ ಹೊತ್ತಲ್ಲಿ, ಕಾಲು ಹೆಚ್ಚಾಗಿ ಅಂಟುವುದು ಆಗಲೇ. ಮಾತ್ರೆ ಹಿಡಿದಾಗ ನಡೆಸಿ ಖುಷಿಪಟ್ಟು ಪ್ರಯೋಜನವಿಲ್ಲ.

ನಡುವೆ ಕಿವಿಯ ದಾರಿಯನ್ನೂ ನೋಡಿದೆ. ಟಿಕ್ ಟಿಕ್ ಅಂತ ತಾಳ ಕೊಡುವ ಮೊಬೈಲಿನ ಮೆಟ್ರೊನೋಮ್ ಆ್ಯಪ್ ಪುಕ್ಕಟೆ. ಕಾಲು ಅಂಟದ, ಬರೀ ನಿಧಾನ ಆದವರಿಗೆ ತಾಳದ ವೇಗ ಅವರ ನಡಿಗೆಗಿಂತ ನೂರಕ್ಕೆ ಹತ್ತರಷ್ಟು ಜಾಸ್ತಿ ಇಟ್ಟರೆ ಹೆಜ್ಜೆ ಉದ್ದ ಆಯಿತು. ಕಾಲು ಅಂಟುವವರಿಗೆ ಅದೇ ವೇಗ ಇಟ್ಟರೆ ಹೆಜ್ಜೆ ಪುಟುಪುಟು ಆಗಿ ಇನ್ನೂ ಬೇಗ ಅಂಟಿತು. ಅವರಿಗೆ ತಾಳ ಇಳಿಸಬೇಕು. ಭಜನೆಯಲ್ಲಿ ತಾಳ ಹಾಕಿ ರೂಢಿ ಇದ್ದ ಒಬ್ಬ ಅಜ್ಜಿಗೆ ಆ್ಯಪ್ ಸದ್ದು ಇಷ್ಟವಾಗಲಿಲ್ಲ. ತೊಡೆ ತಟ್ಟಿಕೊಂಡು ತಾವೇ ಆದಿತಾಳ ಹಾಕಿ ಎದ್ದು ನಡೆದರು. ಆದರೂ ಬಾಗಿಲಲ್ಲಿ ಅವರಿಗೂ ಪಟ್ಟಿಯೇ ಬೇಕಾಯಿತು.

ಇನ್ನೊಂದು ಮನೆಯಲ್ಲಿ ಹಗಲು ಸರಿಯಾಗಿ ದಾಟುತ್ತಿದ್ದವರು ರಾತ್ರಿ ಅದೇ ಪಟ್ಟಿಯ ಮುಂದೆ ನಿಲ್ಲುತ್ತಿದ್ದರು. ಓಣಿಯ ಟ್ಯೂಬ್‌ಲೈಟ್ ಹಾಳಾಗಿ ಪಟಪಟ ಮಿನುಗುತ್ತಿತ್ತು. ಫ್ರಾನ್ಸಿನ ಸಂಶೋಧಕರು 1999ರಲ್ಲಿ ಸ್ಟ್ರೋಬ್ ಅನ್ನುವ ಮಿನುಗುವ ದೀಪ ಹಾಕಿ ನಡೆಸಿ ನೋಡಿದ್ದು ನೆನಪಾಯಿತು. ಮಿನುಗುವ ಬೆಳಕಲ್ಲಿ ಪಟ್ಟಿಗಳು ಕಣ್ಣೆದುರು ಸರಿಯುವುದು ಕಾಣುವುದಿಲ್ಲ, ಆಗ ಪಟ್ಟಿಯ ಲಾಭವೂ ಹೋಗುತ್ತದೆ. ₹100ರ ಎಲ್ಇಡಿ ಬಲ್ಬ್ ಹಾಕಿಸಿದೆ, ರಾತ್ರಿ ನಡಿಗೆ ಸರಿಹೋಯಿತು. ಬೆಳಕು ಜಾಸ್ತಿ ಆಗಿದ್ದೂ ಕಾರಣ ಇರಬಹುದು. ಆದರೂ ಈಗ ಯಾವ ಮನೆಗೆ ಹೋದರೂ ಮೊದಲು ಲೈಟ್ ನೋಡುತ್ತೇನೆ.

ಮನೆ ಹೊರಗೆ ಟೇಪ್ ಹಾಕಲಾಗದು ಅಲ್ವಾ? ಅದಕ್ಕೆ ನೆಲದ ಮೇಲೆ ಬೆಳಕಿನ ಗೆರೆ ಬೀಳಿಸುವ ಲೇಸರ್ ಕೋಲು ಮಾಡಿದೆ. ವಿದೇಶದಿಂದ ತರಿಸಿದರೆ ಹತ್ತಾರು ಸಾವಿರ. ಗೆರೆ ಬೀಳಿಸುವ ಸಣ್ಣ ಲೇಸರ್, ಸ್ವಿಚ್, ಸೆಲ್ ಎಲ್ಲ ಸೇರಿ ನನಗೆ ₹500 ಒಳಗೆ ಆಯಿತು. ಮೊದಲು ಕೀಚೈನ್ ಲೇಸರ್ ಕಟ್ಟಿದ್ದೆ, ಅದು ಬರೀ ಚುಕ್ಕೆ. ಚುಕ್ಕೆಯನ್ನು ಯಾರೂ ದಾಟುವುದಿಲ್ಲ. ಗೆರೆಯೇ ಬೇಕು. ಬಿಸಿಲಲ್ಲಿ ಗೆರೆ ಕಾಣುವುದಿಲ್ಲ, ಹಾಗಾಗಿ ಮದುವೆ ಮನೆ, ಆಸ್ಪತ್ರೆ, ಬ್ಯಾಂಕಿಗೆ ಮಾತ್ರ. ಸ್ವಿಚ್ಚನ್ನು ಕೋಲಿನಲ್ಲಿ ಎಲ್ಲಿ ಇಟ್ಟೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾನು ತುಂಬಾ ತಲೆ ಕೆಡಿಸಿಕೊಂಡಿದ್ದೇನೆ.

ಮಂಚದ ಪಕ್ಕ ತಿರುಗುವ ಜಾಗಕ್ಕೆ ನೇರ ಪಟ್ಟಿ ಬರುವುದಿಲ್ಲ, ಬೀಸಣಿಗೆಯ ಹಾಗೆ ಬಿಡಿಸಿ ಹಾಕಬೇಕು. ಎಷ್ಟು ಪಟ್ಟಿ, ಯಾವ ಕೋನ ಅನ್ನುವುದು ಆಯಾ ಪೇಷಂಟಿಗೆ ಬೇರೆ. ಅದನ್ನು ನನ್ನ ಜೊತೆ ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

"ಟೇಪ್ ತೆಗೆದ್ರೆ ಮತ್ತೆ ಅಂಟುತ್ತೆ, ಇದೇನು ಚಿಕಿತ್ಸೆ?" ಅಂತ ಈಗಲೂ ಕೇಳುತ್ತಾರೆ. ತೆಗೆಯಬೇಡಿ. ಕನ್ನಡಕ ತೆಗೆದರೆ ಕಾಣುವುದಿಲ್ಲ ಅಂತ ಯಾರೂ ಕನ್ನಡಕವನ್ನು ಬೈಯುವುದಿಲ್ಲ. ಬಚ್ಚಲಿಗೆ ಒಬ್ಬರೇ ಹೋಗಿ ಬರುವುದು ಆ ಮನುಷ್ಯನಿಗೆ ಎಷ್ಟು ದೊಡ್ಡದು ಅಂತ ಕೈ ಹಿಡಿದು ಕರೆದೊಯ್ಯುವ ಹೆಂಡತಿಯನ್ನು ಕೇಳಿ. ಮೇಷ್ಟ್ರ ಮನೆಯಲ್ಲಿ ಆರು ತಿಂಗಳಿಗೊಮ್ಮೆ ಟೇಪ್ ಬದಲಿಸುತ್ತೇನೆ. ಈಚೆಗೆ ಮಗನೇ ರೋಲ್ ತಂದಿಟ್ಟಿರುತ್ತಾನೆ, ಹಳೆಯದನ್ನು ಕಿತ್ತು ನೆಲವನ್ನೂ ಒರೆಸಿ ಒಣಗಿಸಿರುತ್ತಾನೆ.