ಮನೆ ಅಂಗಳದಲ್ಲೇ ಪಿಕಪ್‌ಗೆ ಬೇರೆ ಎಂಜಿನ್ ಕೂರಿಸುವುದು ಹೇಗೆ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಇಳಿಸಿ ಹುಬ್ಬಳ್ಳಿಗೆ ವಾಪಸ್ ಬರುವಾಗ ನಮ್ಮ ಹಳೆ ಬೊಲೆರೊ ಪಿಕಪ್ ಬಿಸಿಯಾಗಿ ನಿಂತುಬಿಟ್ಟಿತು. ತಪ್ಪು ನನ್ನದೇ. ರೇಡಿಯೇಟರ್ ಸೋರುತ್ತಿದೆ ಅಂತ ಗೊತ್ತಿದ್ದೂ ದಿನಾ ಒಂದು ಬಾಟ್ಲಿ ನೀರು ಸುರಿದು ಓಡಿಸುತ್ತಿದ್ದೆ. ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿರುಕು ಬಿಟ್ಟಿತ್ತು, ಪಿಸ್ಟನ್ ಓಡಾಡುವ ಬೋರ್ ಗೀಚಿಹೋಗಿತ್ತು. ಅದನ್ನೇ ರಿಪೇರಿ ಮಾಡಿಸುವ ಬದಲು ಅದೇ ನಮೂನೆಯ ಇನ್ನೊಂದು ಎಂಜಿನ್ ತಂದು ಮನೆ ಮುಂದೆಯೇ ಕೂರಿಸಿದೆವು. ನಾನು, ನನ್ನ ತಮ್ಮ, ಜೊತೆಗೆ ಗೋಕುಲ ರೋಡಿನ ಒಬ್ಬ ಹಿರಿಯ ಮಿಸ್ತ್ರಿ.

ಪಕ್ಕದ ಮನೆ ಹುಡುಗ ಮೊಬೈಲ್ ಹಿಡಿದು ಬಂದ. "ಕಾಕಾ, ಸೂಪರ್‌ಚಾರ್ಜರ್ ಇರೋ ದೊಡ್ಡ ಎಂಜಿನ್ನ ಹಾಕಿಬಿಡ್ರಿ" ಅಂದ. ಅವನು ತೋರಿಸಿದ್ದು ಫೋರ್ಡ್ ಎಫ್-150 ಲೈಟ್ನಿಂಗ್. 1999ರಿಂದ 2004ರವರೆಗೆ ಬಂದ ಅಮೆರಿಕದ ಪಿಕಪ್, 5.4 ಲೀಟರ್‌ನ ವಿ8 ಪೆಟ್ರೋಲ್ ಎಂಜಿನ್, ಅದರ ಮೇಲೆ ಸೂಪರ್‌ಚಾರ್ಜರ್. ಆಸೆಯೇನೋ ಒಳ್ಳೆಯದೇ. ಆದರೆ ಎಂಜಿನ್ ಒಳಗೆ ಗಾಳಿ ಒತ್ತಿ ತುಂಬುವ ಕೆಲಸ ನಮ್ಮ ಗಾಡಿಯಲ್ಲೂ ನಡೆಯುತ್ತಿದೆ, ಅಲ್ವಾ? ಸೂಪರ್‌ಚಾರ್ಜರ್ ಅನ್ನು ಎಂಜಿನ್ನೇ ಬೆಲ್ಟ್ ಹಾಕಿ ತಿರುಗಿಸುತ್ತದೆ. ಹಾಗಾಗಿ ಕಾಲಿಟ್ಟ ಕೂಡಲೇ ಎಳೆತ ಸಿಗುತ್ತದೆ, ಆದರೆ ಅದಕ್ಕೇ ಒಂದಿಷ್ಟು ಶಕ್ತಿ ಹೋಗುತ್ತದೆ. ನಮ್ಮ ಗಾಡಿಯಲ್ಲಿರುವುದು ಟರ್ಬೊ, ಅದನ್ನು ತಿರುಗಿಸುವುದು ಸುಮ್ನೆ ಹೊರಗೆ ಹೋಗುವ ಸೈಲೆನ್ಸರ್ ಹೊಗೆ. ಲೋಡ್ ಹೊತ್ತು ಅರಬೈಲು ಘಾಟ್ ಹತ್ತುವ ಡೀಸೆಲ್ ಗಾಡಿಗೆ ಟರ್ಬೊನೇ ಸರಿ ಅನ್ನುವುದು ನನ್ನ ಲೆಕ್ಕ.

ಬೇರೆ ನಮೂನೆಯ ಎಂಜಿನ್ ಹಾಕಲು ಕಾನೂನೂ ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಆದ್ದರಿಂದ ಅದೇ ಕಂಪನಿಯ, ಅದೇ ನಮೂನೆಯ ಎಂಜಿನ್ ಹುಡುಕಿ. ಪಾನಾ ಹಿಡಿಯುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಒಪ್ಪಿಗೆ ಕೇಳಿ. ಆಮೇಲೆ ಹೊಸ ಎಂಜಿನ್ ನಂಬರ್ ಆರ್‌ಸಿಗೆ ಹತ್ತಿಸಿ, ಇನ್ಶೂರೆನ್ಸಿನವರಿಗೂ ತಿಳಿಸಿ.

ನಮ್ಮದು 2523 ಸಿಸಿಯ ಡಿಐ ಟರ್ಬೊ. ಡೀಸೆಲ್ ಪಂಪ್ ಮೆಕ್ಯಾನಿಕಲ್, ವೈರು ಕಡಿಮೆ. ಅದಕ್ಕೇ ಮನೆಯಲ್ಲಿ ಕೈಹಾಕುವ ಧೈರ್ಯ ಬಂತು. ನಿಮ್ಮದು ಕಂಪ್ಯೂಟರ್ ಹತೋಟಿಯಲ್ಲಿ ಡೀಸೆಲ್ ಬಿಡುವ ಕಾಮನ್ ರೈಲ್ ಆಗಿದ್ದರೆ ವೈರಿಂಗ್, ಸೆನ್ಸರ್, ಆ ಕಂಪ್ಯೂಟರ್ (ಇಸಿಯು) ಎಲ್ಲಾ ಸೇರುತ್ತವೆ. ಅದನ್ನು ಗ್ಯಾರೇಜಿಗೇ ಬಿಡುವುದು ವಾಸಿ.

ಗುಜರಿಯಲ್ಲಿ ಎಂಜಿನ್ ನೋಡುವಾಗ ಬಣ್ಣಕ್ಕೆ ಮರುಳಾಗಬೇಡಿ. ಎಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲೂ ಕಟ್ಟನೆ ಹಿಡಿಯಬಾರದು. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಅಲ್ಲಿಂದ ಎದ್ದು ಬನ್ನಿ. ಟರ್ಬೊದ ಫ್ಯಾನ್ ಬೆರಳಲ್ಲಿ ಹಿಡಿದು ಹಿಂದೆ ಮುಂದೆ, ಅಕ್ಕಪಕ್ಕ ಅಲುಗಿಸಿ ನೋಡಿ. ಅಕ್ಕಪಕ್ಕ ಕೂದಲೆಳೆಯಷ್ಟು ಆಟ ಇದ್ದರೆ ನಡೆಯುತ್ತದೆ. ಫ್ಯಾನ್ ಗೋಡೆಗೆ ತಾಗುವಂತಿದ್ದರೆ ಬೇಡ. ಎಂಜಿನ್ ನಂಬರ್ ಉಜ್ಜಿರಬಾರದು. ಬಿಲ್ ಮತ್ತು ಹಳೆ ಗಾಡಿಯ ಆರ್‌ಸಿ ನಕಲು ಕೊಡದಿದ್ದರೆ ಎಷ್ಟೇ ಸೋವಿಯಾದರೂ ತರಬೇಡಿ.

ಹಳೆ ಎಂಜಿನ್ ಬಿಚ್ಚುವುದು ಅರ್ಧ ದಿನದ ಕೆಲಸ. ಮೊದಲು ಬ್ಯಾಟರಿಯ ಮೈನಸ್ ತಂತಿ ತೆಗೆಯಿರಿ. ನೀರು, ಆಯಿಲ್ ಇಳಿಸಿ. ಬಾನೆಟ್, ರೇಡಿಯೇಟರ್, ಸೆಲ್ಫ್, ಡೈನಮೋ, ಸೈಲೆನ್ಸರ್ ಪೈಪ್ ಒಂದೊಂದಾಗಿ ಬರಲಿ. ಪ್ರತಿಯೊಂದನ್ನೂ ಬಿಚ್ಚುವ ಮೊದಲು ಫೋಟೊ ಹೊಡೆಯಿರಿ, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ. ಬಿಚ್ಚಿದ ಪೈಪಿನ ಬಾಯಿಗೆ ಟೇಪ್ ಸುತ್ತಿ. ಬಟ್ಟೆ ತುರುಕಬೇಡಿ. ಮರೆತರೆ ಎಂಜಿನ್ ಅದನ್ನೂ ನುಂಗುತ್ತದೆ.

ಎತ್ತುವುದಕ್ಕೆ ಚೈನ್ ಪುಲ್ಲಿ ಬೇಕು. ಮೊದಲ ದಿನ ನಾವು ತಗಡಿನ ಶೆಡ್ಡಿನ ಪೈಪಿಗೇ ಅದನ್ನು ಕಟ್ಟಿದೆವು. ಎಂಜಿನ್ ಒಂದು ಗೇಣು ಎದ್ದಿದ್ದೇ ಪೈಪ್ ಬಿಲ್ಲಿನ ಹಾಗೆ ಬಾಗಿತು. ಪುಣ್ಯಕ್ಕೆ ಅಡಿಯಲ್ಲಿ ಯಾರೂ ಇರಲಿಲ್ಲ. ಎರಡು ಕ್ವಿಂಟಲ್‌ಗಿಂತ ಜಾಸ್ತಿ ತೂಗುವ ಕಬ್ಬಿಣ ಅದು. ಮರುದಿನ ಬೋರ್‌ವೆಲ್ ಮೋಟರ್ ಎತ್ತುವವರ ಮೂರು ಕಾಲಿನ ಸ್ಟ್ಯಾಂಡ್ ಬಾಡಿಗೆಗೆ ತಂದೆವು. ಎಂಜಿನ್ ಹೊರಬರುವ ಮೊದಲು ಗೇರ್‌ಬಾಕ್ಸ್ ಅಡಿಗೆ ಜ್ಯಾಕ್ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದು ಜೋತುಬೀಳುತ್ತದೆ.

ಹೊಸ ಎಂಜಿನ್ ಇನ್ನೂ ಹೊರಗಿರುವಾಗಲೇ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಹೊಸದು ಹಾಕಿ. ಆಮೇಲೆ ಸೀಲ್ ಸೋರಿದರೆ ಗೇರ್‌ಬಾಕ್ಸೇ ಇಳಿಸಬೇಕಾಗುತ್ತದೆ.

ಇನ್ನು ನಿಜವಾದ ಕೆಲಸ. ಗೇರ್‌ಬಾಕ್ಸಿನಿಂದ ಮುಂದೆ ಚಾಚಿದ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲಿನೊಳಗೆ ಹಾಯ್ದು, ಫ್ಲೈವೀಲ್ ನಡುವಿನ ಬೇರಿಂಗಿಗೆ ಹೋಗಿ ಕೂರಬೇಕು. ಪ್ಲೇಟ್ ಸ್ವಲ್ಪ ಆಚೀಚೆ ಇದ್ದರೂ ಆಗುವುದಿಲ್ಲ. ಅದಕ್ಕೇ ಪ್ರೆಶರ್ ಪ್ಲೇಟ್ ಬಿಗಿಯುವಾಗ ಗುಜರಿಯಿಂದ ತಂದ ಒಂದು ಹಳೆ ಶಾಫ್ಟ್ ತೂರಿಸಿ ಪ್ಲೇಟನ್ನು ನಡುಮಧ್ಯಕ್ಕೆ ತಂದುಕೊಂಡೆವು. ಆದರೂ ಎಂಜಿನ್ ಇಳಿಸಿದಾಗ ಅದಕ್ಕೂ ಗೇರ್‌ಬಾಕ್ಸಿಗೂ ನಡುವೆ ಎರಡು ಬೆರಳು ಸಂದಿ ಉಳಿಯಿತು. ತಮ್ಮ ಬೋಲ್ಟ್ ಹಾಕಿ ಎಳೆದೇ ಕೂರಿಸಲು ಹೊರಟ. ಮಿಸ್ತ್ರಿ ಕೈ ಹಿಡಿದರು. "ತಮ್ಮಾ, ಜಬರ್ದಸ್ತಿ ಮಾಡಬ್ಯಾಡೋ. ಪ್ಲೇಟ್ ಹೋಗ್ತೈತಿ, ಇಲ್ಲಾ ಬೆಲ್ ಒಡೀತೈತಿ." ಬೆಲ್ ಅಂದರೆ ಗೇರ್‌ಬಾಕ್ಸಿನ ಮುಂದಿನ ಗಂಟೆಯಂಥ ಕವಚ.

ಅವರು ಮಾಡಿದ್ದಿಷ್ಟೇ. ಗಾಡಿಯನ್ನು ಟಾಪ್ ಗೇರಿಗೆ ಹಾಕಿಸಿದರು. ಚಕ್ರ ನೆಲಕ್ಕಿರುವುದರಿಂದ ಶಾಫ್ಟ್ ಅಲುಗುವುದಿಲ್ಲ. ಜ್ಯಾಕಿನಿಂದ ಗೇರ್‌ಬಾಕ್ಸ್ ತುಸು ಎತ್ತಿ, ಸಂದಿ ಮೇಲೆ ಕೆಳಗೆ ಒಂದೇ ಸಮ ಆಗುವ ಹಾಗೆ ನೋಡಿಕೊಂಡರು. ನಾವು ಎಂಜಿನ್ ಒತ್ತುತ್ತಿದ್ದಾಗ ಅವರು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ನಿಧಾನಕ್ಕೆ ತಿರುಗಿಸಿದರು. 'ಟಕ್' ಅಂತ ಹಲ್ಲಿಗೆ ಹಲ್ಲು ಸಿಕ್ಕಿ ಎಂಜಿನ್ ತಾನಾಗೇ ಹಿಂದೆ ಜಾರಿತು. ಬೋಲ್ಟ್ ಬಿಗಿದದ್ದು ಆಮೇಲೆ.

ಉಳಿದ ಪೈಪು, ವೈರು ಫೋಟೊ ನೋಡಿ ಜೋಡಿಸಿ. ಆಯಿಲ್, ಕೂಲೆಂಟ್ ತುಂಬಿ.

ಸ್ಟಾರ್ಟ್ ಮಾಡಲು ಅವಸರ ಬೇಡ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುವಂಥದ್ದು, ಅದನ್ನು ಕಾಯುವುದು ತೆಳ್ಳನೆಯ ಆಯಿಲ್ ಪದರ. ಟರ್ಬೊಗೆ ಆಯಿಲ್ ಬರುವ ಪೈಪ್ ಬಿಚ್ಚಿ ಒಳಗೆ ಸ್ವಲ್ಪ ಹೊಸ ಆಯಿಲ್ ಬಿಡಿ. ಆ ಜಾಯಿಂಟಿಗೆ ಪೇಸ್ಟ್ ಹಚ್ಚಬೇಡಿ, ಅದರ ಚೂರು ಸಿಕ್ಕರೆ ತೂತು ಕಟ್ಟಿಕೊಳ್ಳುತ್ತದೆ. ಎಂಜಿನ್ ಹತ್ತಿಕೊಳ್ಳದ ಹಾಗೆ ಸ್ಟಾಪ್ ಕೇಬಲ್ ಎಳೆದು ಹಿಡಿದು, ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ.

ಆಮೇಲೆ ಡೀಸೆಲ್‌ನ ಏರ್ ಲಾಕ್, ಅಂದರೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಬೇಕು. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಪಂಪ್ ಒತ್ತಿ. ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವಾಗ ಕೈ ದೂರ ಇರಲಿ. ಒತ್ತಡದ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಗಾಳಿ ಎಳೆಯುವ ಬಾಯಿಯ ಹತ್ತಿರ ಒಬ್ಬರು ಅಗಲವಾದ ಹಲಗೆ ಹಿಡಿದು ನಿಂತಿರಲಿ. ಟರ್ಬೊ ಸೀಲ್ ಕೆಟ್ಟಿದ್ದರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿದು ಹುಚ್ಚೆದ್ದು ಓಡುವುದುಂಟು. ಆಗ ಕೀ ತೆಗೆದರೂ ನಿಲ್ಲುವುದಿಲ್ಲ, ಹಲಗೆಯಿಂದ ಗಾಳಿ ಮುಚ್ಚಬೇಕು. ಕೈಯಿಂದ ಮಾತ್ರ ಮುಚ್ಚಲು ಹೋಗಬೇಡಿ.

ನಮ್ಮದು ನಾಲ್ಕನೇ ಸಲಕ್ಕೆ ಹತ್ತಿಕೊಂಡಿತು. ಹತ್ತು ನಿಮಿಷ ಸುಮ್ನೆ ಐಡಲ್‌ನಲ್ಲಿ ಬಿಟ್ಟು ನೀರಿನ ಮಟ್ಟ ನೋಡಿಕೊಂಡೆವು. ರಾತ್ರಿ ಎಂಜಿನ್ ಅಡಿಗೆ ಒಂದು ದೊಡ್ಡ ರಟ್ಟು ಹಾಸಿಡಿ. ಬೆಳಗ್ಗೆ ಕಪ್ಪು ಕಲೆ ಇದ್ದರೆ ಆಯಿಲ್, ಹಸಿರು ಇದ್ದರೆ ಕೂಲೆಂಟ್, ಬಣ್ಣ ಗೊತ್ತಾಗದಿದ್ದರೆ ಮೂಸಿ ನೋಡಿ, ಡೀಸೆಲ್ ಇರಬಹುದು. ನಮ್ಮ ರಟ್ಟಿನ ಮೇಲೆ ಒಂದು ಹಸಿರು ಹನಿ ಇತ್ತು. ಕೆಳಗಿನ ಹೋಸ್ ಪೈಪಿನ ಕ್ಲಿಪ್ ಬಿಗಿದೆವು.