ಪಾಲೆ ಕೆತ್ತೆ ಮಲೇರಿಯಾ ಮದ್ದಿಗೆ ಬಲ ಕೊಡುತ್ತದೆಯೇ? ಲ್ಯಾಬಿನಲ್ಲಿ ಪರೀಕ್ಷಿಸುವ ಕ್ರಮ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಮನೆಗಳಲ್ಲಿ ಆಟಿ ಅಮಾವಾಸ್ಯೆಯಂದು ಕುಡಿಯುವ ಪಾಲೆ ಕೆತ್ತೆಯ (ಪಾಲೆ ಮರದ ತೊಗಟೆಯ) ಕಷಾಯಕ್ಕೆ ಜ್ವರದ ಮದ್ದೆಂಬ ಹೆಸರು ಹಳೆಯದು. ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದನ್ನು ಆರಿಸುವವರು ಸಾಮಾನ್ಯವಾಗಿ ಸಾರವೊಂದನ್ನೇ ರೋಗಾಣುವಿನ ಮೇಲೆ ಹಾಕಿ, ಬಂದ ಅಂಕಿ ಬರೆದು ಮುಗಿಸುತ್ತಾರೆ. ಅದು ಸಾಲದು. ಒಂಟಿಯಾಗಿ ದುರ್ಬಲವಾದ ವಸ್ತುವೂ ಮದ್ದಿನ ಜೊತೆ ಸೇರಿದಾಗ ದೊಡ್ಡ ಕೆಲಸ ಮಾಡಬಹುದು. ಕ್ಲೋರೋಕ್ವಿನ್ ಎಂಬ ಮಲೇರಿಯಾ ಮದ್ದಿಗೆ ಬಗ್ಗದ ಫಾಲ್ಸಿಪಾರಂ ರೋಗಾಣು, ವೆರಪಾಮಿಲ್ ಎಂಬ ಬಿ.ಪಿ. ಮದ್ದು ಜೊತೆಗಿದ್ದರೆ ಮತ್ತೆ ಬಗ್ಗುತ್ತದೆ ಎಂಬುದು 1987ರಲ್ಲೇ ಗೊತ್ತಾಗಿತ್ತು. ರೋಗಾಣು ಪಿಎಫ್‌ಸಿಆರ್‌ಟಿ ಪ್ರೋಟೀನಿನ ಮೂಲಕ ಮದ್ದನ್ನು ಹೊರಗಟ್ಟುತ್ತದೆ. ವೆರಪಾಮಿಲ್ ಆ ದಾರಿಗೆ ಅಡ್ಡ ನಿಲ್ಲುತ್ತದೆ. ಗಿಡದಲ್ಲಿ ಹುಡುಕಬೇಕಾದ್ದು ಇಂಥ ಜೊತೆಗಾರನನ್ನು.

ಮೊದಲು ಮರ ಸರಿಯಾಗಿರಲಿ. ಪಾಲೆಯ ತೊಗಟೆ ಗೀರಿದರೆ ಬಿಳಿ ಹಾಲು ಬರುತ್ತದೆ, ಎಲೆಗಳು ಒಂದೇ ಗೆಣ್ಣಿನಿಂದ ಸುತ್ತಲೂ ನಾಲ್ಕರಿಂದ ಏಳು ಹರಡಿರುತ್ತವೆ. ಪಾಲೆಯೆಂದು ತಪ್ಪು ತಿಳಿಯಬಹುದಾದ ಕಾಸರಕದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರು ಜೋಡಿ, ಬುಡದಿಂದಲೇ ಮೂರೋ ಐದೋ ನರ. ಅದರಲ್ಲಿರುವುದು ಸ್ಟ್ರಿಕ್ನಿನ್, ಕೊಲ್ಲುವ ವಿಷ. ಕತ್ತಲಲ್ಲಿ ಕೆತ್ತಿದ ತೊಗಟೆಯನ್ನು ಪರೀಕ್ಷೆಗೂ ತೆಗೆದುಕೊಳ್ಳಬೇಡಿ. ಎಲೆ, ಹೂವಿನ ಒಣಮಾದರಿ ಮಾಡಿ ಸಸ್ಯಶಾಸ್ತ್ರದವರಿಂದ ಖಚಿತಪಡಿಸಿಕೊಳ್ಳಿ. ತೊಗಟೆಯನ್ನು ಕಾಂಡದ ಒಂದು ಬದಿಯಿಂದ ಮಾತ್ರ ತೆಗೆಯಿರಿ. ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಮಳೆಗಾಲದಲ್ಲಿ ನೆರಳಿಗೆ ಹಾಕಿದರೆ ಬೂಸರು ಬರುವುದು ಖಂಡಿತ, 40 ಡಿಗ್ರಿ ಓವನ್ನಿನಲ್ಲಿ ಒಣಗಿಸಿ.

100 ಗ್ರಾಂ ಪುಡಿಯನ್ನು ಒಂದು ಲೀಟರ್ ಮೆಥನಾಲಿನಲ್ಲಿ 24 ಗಂಟೆ ನೆನೆಸಿ ಸೋಸಿ. ಹೀಗೆ ಮೂರು ಸಲ. 45 ಡಿಗ್ರಿ ಮೀರದಂತೆ ಆವಿಯಾಗಿಸಿ, ಉಳಿದದ್ದನ್ನು 2 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಸೋಸಿ. ಅಮೋನಿಯಾ ಹಾಕಿ ಪಿಎಚ್ 9ರಿಂದ 10ಕ್ಕೆ ತಂದು ಡೈಕ್ಲೋರೋಮೀಥೇನಿನಿಂದ ಎಳೆಯಿರಿ. ಇಲ್ಲೇ ಹೆಚ್ಚಿನವರು ಎಡವುತ್ತಾರೆ: ಆಲ್ಕಲಾಯ್ಡುಗಳೆಲ್ಲ (ಗಿಡದ ಸಾರಜನಕಯುಕ್ತ ವಸ್ತುಗಳು) ಡೈಕ್ಲೋರೋಮೀಥೇನಿಗೆ ಬಂದವೆಂದು ನೀರಿನ ಪದರವನ್ನು ಸಿಂಕಿಗೆ ಚೆಲ್ಲುತ್ತಾರೆ. ಪಾಲೆ ಕೆತ್ತೆಯ ಮುಖ್ಯ ಆಲ್ಕಲಾಯ್ಡ್ ಎಕಿಟಮೀನ್ ಕ್ವಾಟರ್ನರಿ ಜಾತಿಯದು (ಪಿಎಚ್ ಏನೇ ಇದ್ದರೂ ವಿದ್ಯುದಂಶ ಬಿಡದು), ನೀರಿನಲ್ಲೇ ಉಳಿಯುತ್ತದೆ. ನೀರನ್ನು ಬ್ಯೂಟನಾಲಿನಿಂದ ಎಳೆದು ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಡ್ರಾಗೆನ್‌ಡಾರ್ಫ್ ದ್ರಾವಣಕ್ಕೆ ಕಿತ್ತಳೆ ಬಣ್ಣ ಬಂದರೆ ಆಲ್ಕಲಾಯ್ಡ್ ಇದೆ.

ರೋಗಾಣುವಿಗೆ ದೆಹಲಿಯ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯಲ್ಲಿ ಪರಾವಲಂಬಿ ಬ್ಯಾಂಕ್ ಇದೆ. ಜೈವಿಕ ಸುರಕ್ಷೆಯ ಎರಡನೇ ಮಟ್ಟದ ಲ್ಯಾಬು, ಮನುಷ್ಯ ರಕ್ತ ಬಳಸಲು ನೈತಿಕ ಸಮಿತಿಯ ಅನುಮತಿ, ಇವೆರಡೂ ಮೊದಲೇ ಬೇಕು. ಕ್ಲೋರೋಕ್ವಿನ್‌ಗೆ ಬಗ್ಗುವ 3ಡಿ7, ಬಗ್ಗದ ಡಿಡಿ2 ತಳಿಗಳೆರಡನ್ನೂ ಇಟ್ಟುಕೊಳ್ಳಿ. 5 ಶೇಕಡಾ ಸಾರ್ಬಿಟಾಲಿನಿಂದ ಎಲ್ಲವನ್ನೂ ಉಂಗುರ ಹಂತಕ್ಕೆ ತನ್ನಿ.

96 ವೆಲ್ಲುಗಳ (ಸಣ್ಣ ಗುಳಿಗಳ) ಪ್ಲೇಟಿನ ಅಂಚಿನ ವೆಲ್ಲುಗಳು ಆರುವುದರಿಂದ ಅವುಗಳಿಗೆ ಬರೀ ಮಾಧ್ಯಮ ತುಂಬಿ. ಒಳಗೆ ಆರು ಸಾಲು ಉಳಿಯುತ್ತವೆ, ಮದ್ದು ಮತ್ತು ಸಾರದ ಆರು ಅನುಪಾತಕ್ಕೆ ಸರಿಯಾಗಿ: 5:0, 4:1, 3:2, 2:3, 1:4, 0:5. ಹತ್ತು ಕಂಬಗಳಲ್ಲಿ ಎಂಟು ಅರ್ಧರ್ಧ ತೆಳು ಮಾಡಿದ ದ್ರಾವಣಕ್ಕೆ, ಒಂದು ಮದ್ದಿಲ್ಲದ ರೋಗಾಣುವಿಗೆ, ಒಂದು ಬರೀ ರಕ್ತಕಣಕ್ಕೆ. ಮೊದಲ ವೆಲ್ಲಿನಲ್ಲಿ ಐಸಿ50ರ (ರೋಗಾಣುವಿನ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣ) ಎಂಟು ಪಟ್ಟು ಇರಲಿ, ಆಗ ಐಸಿ50 ನಾಲ್ಕನೇ ವೆಲ್ಲಿಗೆ ಬೀಳುತ್ತದೆ. 100 ಮೈಕ್ರೋಲೀಟರ್ ಮದ್ದಿಗೆ ಅಷ್ಟೇ ಕಲ್ಚರ್ ಸೇರುವುದರಿಂದ ಮದ್ದನ್ನು ಇಮ್ಮಡಿ ಗಟ್ಟಿಯಾಗಿ ಮಾಡಬೇಕು. ಸೇರಿದ ಮೇಲೆ ರಕ್ತಕಣ 2 ಶೇಕಡಾ, ಸೋಂಕು 0.5 ಶೇಕಡಾ ಇರಲಿ; ಸಾರ ಕರಗಿಸಲು ಬಳಸಿದ ಡಿಎಂಎಸ್‌ಒ 0.5 ಶೇಕಡಾ ಮೀರಬಾರದು. 37 ಡಿಗ್ರಿಯಲ್ಲಿ 72 ಗಂಟೆ, ನಂತರ ಡಿಎನ್‌ಎಗೆ ಅಂಟಿ ಹೊಳೆಯುವ ಸೈಬರ್ ಗ್ರೀನ್ ಬಣ್ಣ ಹಾಕಿ ಬೆಳವಣಿಗೆ ಅಳೆಯಿರಿ.

ಲೆಕ್ಕ ಹೀಗೆ. ಉದಾಹರಣೆಗೆ ಡಿಡಿ2ರ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಕ್ಲೋರೋಕ್ವಿನ್ ಒಂದೇ 150 ನ್ಯಾನೋಮೋಲಾರ್, ಶುದ್ಧ ಸಸ್ಯವಸ್ತು ಒಂದೇ 5 ಮೈಕ್ರೋಮೋಲಾರ್ ಬೇಕೆನ್ನಿ. 3:2 ಮಿಶ್ರಣದಲ್ಲಿ ಅವು 45 ನ್ಯಾನೋ, 1 ಮೈಕ್ರೋಗೆ ಇಳಿದರೆ, 45/150 ಅಂದರೆ 0.3, 1/5 ಅಂದರೆ 0.2; ಮೊತ್ತ 0.5. ಅಷ್ಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಬಲ ಹೆಚ್ಚಿತು ಎನ್ನಿ. ಅರ್ಧರ್ಧ ತೆಳು ಮಾಡುವ ವಿಧಾನದಲ್ಲೇ ಒಂದು ಮೆಟ್ಟಿಲಿನಷ್ಟು ತಪ್ಪು ಸಹಜ, ಹಾಗಾಗಿ 0.8ನ್ನು ಗೆಲುವೆಂದು ಬರೆಯಬೇಡಿ. ಕ್ಲೋರೋಕ್ವಿನ್‌ಗೆ 0.8 ಮೈಕ್ರೋಮೋಲಾರ್ ವೆರಪಾಮಿಲ್ ಸೇರಿಸಿದ ಸಾಲೊಂದನ್ನು ಬೇರೆ ಪ್ಲೇಟಿನಲ್ಲಿ ಪ್ರತಿ ಸಲವೂ ಇಡಿ. ಡಿಡಿ2ರಲ್ಲಿ ಅದು ಐಸಿ50ಯನ್ನು ಇಳಿಸದಿದ್ದರೆ ಆ ಸಲದ ಫಲಿತಾಂಶವನ್ನೆಲ್ಲ ಬಿಟ್ಟುಬಿಡಿ.

ಮೋಸ ಹೋಗುವ ಜಾಗಗಳು ಎರಡು. ಸಾಪೋನಿನ್ ಎಂಬ ನೊರೆಯ ವಸ್ತು ಇರುವ ಸಾರ ರಕ್ತಕಣವನ್ನೇ ಒಡೆಯುತ್ತದೆ, ಮನೆಯಿಲ್ಲದ ರೋಗಾಣು ಸಾಯುತ್ತದೆ. ಅದು ಮದ್ದಿನ ಗುಣವಲ್ಲ. ವೆಲ್ಲಿನ ಮೇಲಿನ ದ್ರವ ಕೆಂಪಾಗಿದ್ದರೆ ಸಂಶಯಪಡಿ. ಎರಡನೆಯದು ಅರಸಿನ. 2006ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್ ತಂಡ ಆರ್ಟಿಈಥರ್ ಎಂಬ ಮಲೇರಿಯಾ ಮದ್ದಿನ ಜೊತೆ ಅರಸಿನದ ಕರ್ಕ್ಯುಮಿನ್ ಕೊಟ್ಟು ಸೋಂಕಿದ ಇಲಿಗಳನ್ನು ಉಳಿಸಿದ ಮೇಲೆ ಎಲ್ಲರಿಗೂ ಅದರತ್ತ ಕಣ್ಣು. ಆದರೆ ಕರ್ಕ್ಯುಮಿನ್ ತಾನೇ ಹಸಿರಾಗಿ ಹೊಳೆದು ಸೈಬರ್ ಗ್ರೀನಿನ ಓದನ್ನು ಕೆಡಿಸುತ್ತದೆ, ಸೀರಂ ಇಲ್ಲದ ಬಫರಿನಲ್ಲಿ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದೂ ಹೋಗುತ್ತದೆ. ಇಂಥದ್ದಕ್ಕೆ ಜೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಕಣ್ಣಾರೆ ಎಣಿಸುವುದೇ ಸರಿ.

ಕರಾವಳಿಯಲ್ಲಿ ಕಾಣುವ ಮಲೇರಿಯಾ ಹೆಚ್ಚಾಗಿ ವೈವಾಕ್ಸ್ ಎಂಬ ಬೇರೆ ಜಾತಿಯ ರೋಗಾಣುವಿನದು. ಅದನ್ನು ಹೀಗೆ ನಿರಂತರ ಬೆಳೆಸಲು ಆಗುವುದಿಲ್ಲ. ಪಿತ್ತಜನಕಾಂಗದಲ್ಲಿ ಅಡಗುವ ಅದರ ರೂಪದ ಬಗ್ಗೆ ಈ ಪ್ಲೇಟು ಏನೂ ಹೇಳದು. ಹಾಗಾಗಿ ಪ್ಲೇಟಿನ ಫಲಿತಾಂಶ ನೋಡಿ ರೋಗಿಗೆ ಕಷಾಯ ಕೊಡಬಾರದು. ಕಷಾಯಕ್ಕೆ ಹಾಕುವ ಕಾಳುಮೆಣಸಿನ ಪೈಪರಿನ್, ಮಲೇರಿಯಾ ಮದ್ದುಗಳಾದ ಲ್ಯೂಮಿಫ್ಯಾಂಟ್ರಿನ್ ಮತ್ತು ಕ್ವಿನೈನನ್ನು ದೇಹದಲ್ಲಿ ಒಡೆಯುವ ಸಿವೈಪಿ3ಎ4 ಕಿಣ್ವವನ್ನೇ ತಡೆಯಬಲ್ಲದು. ಮದ್ದು ರಕ್ತದಲ್ಲಿ ಏರಿದರೆ ಹೃದಯದ ಬಡಿತದ ಲಯ ತಪ್ಪುವ ಅಪಾಯವಿದೆ. ಮಾತ್ರೆ ನಡೆಯುತ್ತಿರುವಾಗ ಮನೆಯಲ್ಲಿ ಯಾರಾದರೂ ಕಷಾಯ ಕುಡಿಸಿದ್ದರೆ ಡಾಕ್ಟರಿಗೆ ತಿಳಿಸಿ, ವೈವಾಕ್ಸ್‌ಗೆ ಕೊಟ್ಟ 14 ದಿನದ ಪ್ರಿಮಾಕ್ವಿನ್ ಅರ್ಧಕ್ಕೆ ನಿಲ್ಲಿಸಬೇಡಿ.