ಕೆಟ್ಟ ಸೆಮಿಸ್ಟರ್ ಬೆನ್ನಿಗಿರುವಾಗ ಅಮೆರಿಕದಲ್ಲಿ ಕಾಲೇಜು ಬದಲಿಸುವುದು ಹೇಗೆ?

ಅಮೆರಿಕದಲ್ಲಿ ಓದುತ್ತಿರುವ ನಮ್ಮವರ ಮಕ್ಕಳು ಕಾಲೇಜಿಗೆ ಹಾಕುವ ಅರ್ಜಿಗಳನ್ನು ಕೆಲವು ವರ್ಷಗಳಿಂದ ಓದಿ ತಿದ್ದಿಕೊಡುತ್ತಿದ್ದೇನೆ. ಅದರಲ್ಲಿ ಟ್ರಾನ್ಸ್‌ಫರ್ ಅರ್ಜಿಗಳದೇ ಒಂದು ಜಾತಿ. ಒಂದೇ ಸೆಮಿಸ್ಟರಿನಲ್ಲಿ ಮೂರು ಎಫ್, ಅಂದರೆ ಫೇಲ್ ಗ್ರೇಡ್, ಇರುತ್ತದೆ, ಅದರ ಹಿಂದೆ ಒಂದು ಆಸ್ಪತ್ರೆಯೋ ಸಾವೋ ಇರುತ್ತದೆ, ಈಗ ಹೊಸ ಜಾಗದಲ್ಲಿ ಓದು ಮುಂದುವರಿಸಬೇಕಾಗಿರುತ್ತದೆ. ಇಂಥ ಅರ್ಜಿಗಳು ಕೆಡುವುದು ಎರಡೇ ರೀತಿಯಲ್ಲಿ. ಕೆಲವರು ಎಲ್ಲವನ್ನೂ ಮುಚ್ಚಿಡುತ್ತಾರೆ, ಉಳಿದವರು ಎಲ್ಲವನ್ನೂ ಸುರಿದುಬಿಡುತ್ತಾರೆ.

1. ಟ್ರಾನ್ಸ್‌ಕ್ರಿಪ್ಟ್ ಎಲ್ಲವನ್ನೂ ತರಿಸಿ

ಟ್ರಾನ್ಸ್‌ಕ್ರಿಪ್ಟ್ ಅಂದರೆ ಕಾಲೇಜು ಕೊಡುವ ಅಧಿಕೃತ ಗ್ರೇಡ್ ಪಟ್ಟಿ. ಎಲ್ಲ ಅಂದರೆ ಎಲ್ಲ. ಬೇಸಿಗೆಯಲ್ಲಿ ಒಂದೇ ಕೋರ್ಸ್ ಓದಿ ಬಿಟ್ಟ ಕಾಲೇಜಿನದೂ ಬೇಕು. 'ಆ ಆರು ತಿಂಗಳು ಹೇಳಲೇಬೇಡ, ಯಾರಿಗೆ ಗೊತ್ತಾಗುತ್ತೆ' ಎಂದು ಮನೆಯಲ್ಲಿ ಸಲಹೆ ಬರುತ್ತದೆ, ಕೇಳಬೇಡಿ. ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್ ಎಂಬ ಸಂಸ್ಥೆಯ ಬಳಿ ಆ ದೇಶದ ಬಹುಪಾಲು ಕಾಲೇಜುಗಳ ದಾಖಲಾತಿ ವಿವರ ಇದೆ, ಕಾಲೇಜುಗಳು ಅಲ್ಲಿ ನೋಡಬಲ್ಲವು. ಎಫ್ ಇದ್ದವರಿಗೆ ಸೀಟು ಸಿಕ್ಕಿದ್ದನ್ನು ನೋಡಿದ್ದೇನೆ. ಕಾಲೇಜನ್ನೇ ಮುಚ್ಚಿಟ್ಟಿದ್ದು ಹೊರಬಿದ್ದರೆ ಕೊಟ್ಟ ಸೀಟೂ ರದ್ದಾಗಬಹುದು.

ಹಳೆಯ ಶುಲ್ಕ ಬಾಕಿ ಇದ್ದರೆ ಕಾಲೇಜು ಟ್ರಾನ್ಸ್‌ಕ್ರಿಪ್ಟ್ ತಡೆಹಿಡಿಯಬಹುದು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಹಾಗೆ ತಡೆಯುವಂತಿಲ್ಲ. ಬೇರೆ ರಾಜ್ಯದವರು ಇದನ್ನು ಮೊದಲ ವಾರವೇ ವಿಚಾರಿಸಿ, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

2. ಬದಲಿಸಬಹುದಾದ ಗ್ರೇಡ್ ಬದಲಿಸಿಕೊಳ್ಳಿ

ಈ ಹೆಜ್ಜೆ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಕಾಯಿಲೆ, ಅಪಘಾತ ಅಥವಾ ಹತ್ತಿರದವರ ಸಾವಿನಿಂದ ಸೆಮಿಸ್ಟರ್ ಕೈತಪ್ಪಿದ್ದರೆ, ಮುಗಿದ ಮೇಲೂ ದಾಖಲೆ ಕೊಟ್ಟು ಎಫ್ ಅನ್ನು ವಿತ್‌ಡ್ರಾವಲ್ (ಕೋರ್ಸ್ ನಡುವೆ ಬಿಟ್ಟದ್ದು) ಆಗಿ ಬದಲಿಸಿಕೊಡುವಂತೆ ಕೇಳಲು ಅನೇಕ ಕಾಲೇಜುಗಳಲ್ಲಿ ಅವಕಾಶವಿದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ (ಹೆಚ್ಚಾಗಿ ಎರಡು ವರ್ಷದ ಸರ್ಕಾರಿ ಕಾಲೇಜುಗಳು) ಇದಕ್ಕೆಂದೇ 'ಎಕ್ಸ್‌ಕ್ಯೂಸ್ಡ್ ವಿತ್‌ಡ್ರಾವಲ್' ಇದೆ. ಟ್ರಾನ್ಸ್‌ಕ್ರಿಪ್ಟಿನಲ್ಲಿ ಇಡಬ್ಲ್ಯು ಎಂದು ಬರುತ್ತದೆ, ಪ್ರೊಬೇಷನ್ (ಓದಿನಲ್ಲಿ ಹಿಂದೆ ಬಿದ್ದವರಿಗೆ ಕಾಲೇಜು ಕೊಡುವ ಎಚ್ಚರಿಕೆ) ಲೆಕ್ಕಕ್ಕೆ ಸೇರುವುದಿಲ್ಲ. ಹಳೆಯ ಕಳಪೆ ಗ್ರೇಡ್‌ಗಳನ್ನು ಜಿಪಿಎಯಿಂದ (4ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ) ಬಿಡಿಸುವ 'ಅಕಾಡೆಮಿಕ್ ರಿನ್ಯೂವಲ್' ಕೂಡ ಅಲ್ಲಿ ಉಂಟು. ಗ್ರೇಡ್ ಕಾಗದದ ಮೇಲೆ ಉಳಿಯುತ್ತದೆ, ಸರಾಸರಿಯಿಂದ ಮಾತ್ರ ಹೊರಗೆ ಹೋಗುತ್ತದೆ.

ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಇಲ್ಲಿ ಎಚ್ಚರ. ಚಾಲ್ತಿಯಲ್ಲಿರುವ ಸೆಮಿಸ್ಟರಿನಲ್ಲಿ ಪೂರ್ಣಾವಧಿ ಓದಿಗಿಂತ ಕಡಿಮೆಯಾಗುವಂತೆ ಕೋರ್ಸ್ ಬಿಡುವ ಮುನ್ನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಡಿಎಸ್‌ಒ ಎಂಬ ಅಧಿಕಾರಿಯ ಒಪ್ಪಿಗೆ ಬೇಕು. ಕಾಯಿಲೆಗಾಗಿ ಕಡಿಮೆ ಕೋರ್ಸ್ ಓದಲು ವೈದ್ಯರ ಪತ್ರ ಬೇಕು. ಅದೂ ಒಂದು ಪದವಿ ಹಂತಕ್ಕೆ ಒಟ್ಟು 12 ತಿಂಗಳು ಮೀರುವಂತಿಲ್ಲ. ಮೊದಲು ಬಿಟ್ಟು ಆಮೇಲೆ ಹೇಳಿದರೆ ಗ್ರೇಡಿಗಿಂತ ದೊಡ್ಡದೇ, ವೀಸಾ ಮಾನ್ಯತೆಯೇ, ಕೈತಪ್ಪಬಹುದು.

3. ಒಂದು ವರ್ಷ ಚೆನ್ನಾಗಿ ಓದಿ

ಕಮ್ಯುನಿಟಿ ಕಾಲೇಜಿನಲ್ಲೇ ಆಗಲಿ, ಪರವಾಗಿಲ್ಲ. ಬಿದ್ದ ಮರುಕ್ಷಣವೇ ಅರ್ಜಿ ಹಾಕಿದರೆ ತೋರಿಸಲು ಏನೂ ಇರುವುದಿಲ್ಲ. ಲೆಕ್ಕ ನೋಡಿ: ಮೊದಲ ವರ್ಷ 30 ಕ್ರೆಡಿಟ್‌ಗೆ 1.6, ಆಮೇಲಿನ 30 ಕ್ರೆಡಿಟ್‌ಗೆ 3.6 ಬಂದರೆ ಒಟ್ಟು 2.6. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಟ್ರಾನ್ಸ್‌ಫರ್‌ಗೆ ಆ ರಾಜ್ಯದವರಿಂದ ಕೇಳುವ ಕನಿಷ್ಠ ಜಿಪಿಎ 2.4, ಹೊರಗಿನವರಿಂದ 2.8. ಕನಿಷ್ಠ ಅಂದರೆ ಬಾಗಿಲು ತಟ್ಟಲು ಬೇಕಾದಷ್ಟು. ಒಳಗೆ ಬಿಡುವಷ್ಟು ಎಂದು ಓದಿಕೊಳ್ಳಬೇಡಿ.

ನನ್ನ ಹಟದ ಸಲಹೆ ಒಂದಿದೆ: ಈ ವರ್ಷ ಶೌರ್ಯ ತೋರಿಸಬೇಡಿ. ಸೆಮಿಸ್ಟರಿಗೆ 18 ಕ್ರೆಡಿಟ್ ಹೊತ್ತು ಬಿ, ಸಿ ತರುವುದಕ್ಕಿಂತ 12 ಹೊತ್ತು ಎ ತನ್ನಿ.

4. ಕಾಲೇಜುಗಳ ಪಟ್ಟಿ

ಆರು ಸಾಕು, ಇಪ್ಪತ್ತು ಬೇಡ. ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜಿನಲ್ಲಿದ್ದರೆ ಟ್ಯಾಗ್ ಎಂಬ ಖಾತರಿ ಒಪ್ಪಂದ ನೋಡಿ, ಷರತ್ತು ಪೂರೈಸಿದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಒಂದು ಕ್ಯಾಂಪಸ್‌ನಲ್ಲಿ ಸೀಟು ಖಾತರಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು, ಅದೂ ಸೆಪ್ಟೆಂಬರ್ ತಿಂಗಳಲ್ಲಿ. ಟ್ಯಾಗ್ ಇಲ್ಲದ ಬರ್ಕ್ಲಿಯ ಕನಸಿನಲ್ಲಿ ಸೆಪ್ಟೆಂಬರ್ ಕಳೆದುಕೊಂಡವರು ಪ್ರತಿ ವರ್ಷ ಸಿಗುತ್ತಾರೆ.

5. ವಿವರಣೆ ಬರೆಯುವುದು

ಇಲ್ಲಿ ನಿಧಾನಿಸೋಣ, ಕೆಡುವುದೆಲ್ಲ ಇಲ್ಲೇ.

ಮೊದಲು ಜಾಗ ತಿಳಿಯಿರಿ. ಗ್ರೇಡ್ ಏಕೆ ಕುಸಿಯಿತು ಎಂಬ ವಿವರಣೆ ಮುಖ್ಯ ಪ್ರಬಂಧದಲ್ಲಿ ಬೇಡ. ಅರ್ಜಿಗಳಲ್ಲಿ 'ಹೆಚ್ಚುವರಿ ಮಾಹಿತಿ' ಎಂದು ಸಾಮಾನ್ಯವಾಗಿ ಒಂದು ಭಾಗ ಇರುತ್ತದೆ, ಅದು ಅಲ್ಲಿಗೆ ಹೋಗಲಿ. ಮುಖ್ಯ ಪ್ರಬಂಧದಲ್ಲಿ ಏನು ಓದಬೇಕು, ಏಕೆ ಇಲ್ಲಿ ಎಂಬುದಿರಲಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಂದ 350 ಪದ ಮೀರದ ನಾಲ್ಕು ಉತ್ತರ ಕೇಳುತ್ತದೆ. ಆಯ್ದ ವಿಷಯಕ್ಕೆ ಹೇಗೆ ತಯಾರಾಗಿದ್ದೀರಿ ಎಂಬುದಕ್ಕೆ ಎಲ್ಲರೂ ಉತ್ತರಿಸಬೇಕು. ಉಳಿದ ಮೂರನ್ನು ಏಳರಲ್ಲಿ ಆರಿಸಿಕೊಳ್ಳಬಹುದು. ಎದುರಿಸಿದ ದೊಡ್ಡ ಸವಾಲಿನ ಪ್ರಶ್ನೆಯೂ ಆ ಏಳರಲ್ಲಿದೆ. ಕಷ್ಟ ಅಲ್ಲಿ ಬರಲಿ, ನಾಲ್ಕೂ ಉತ್ತರಗಳಲ್ಲಿ ಅದೇ ಆಸ್ಪತ್ರೆ ಬೇಡ.

ಇನ್ನು ಏನು ಬರೆಯುವುದು? ಹೋದ ವರ್ಷ ಒಬ್ಬ ಹುಡುಗ ತಂದುಕೊಟ್ಟ ವಿವರಣೆ ಎರಡು ಪುಟ ಇತ್ತು. ಅಪ್ಪನ ಕಾಯಿಲೆ, ವೆಂಟಿಲೇಟರಿನ ಸದ್ದು, ಅಮ್ಮನ ಮೌನ, ಎಲ್ಲವೂ ಕಣ್ಣಿಗೆ ಕಟ್ಟುವಂತಿತ್ತು. ಓದಿ ನನಗೂ ಗಂಟಲು ಕಟ್ಟಿತು. ಆದರೆ ಅಪ್ಪ ಆಸ್ಪತ್ರೆ ಸೇರಿದ್ದು ಯಾವ ತಿಂಗಳು ಎಂಬುದು ಎಲ್ಲೂ ಇರಲಿಲ್ಲ. ಟ್ರಾನ್ಸ್‌ಕ್ರಿಪ್ಟಿನಲ್ಲಿ ಎಫ್ ಎರಡು ಸೆಮಿಸ್ಟರ್‌ನಲ್ಲಿದ್ದವು. ಓದುವವರಿಗೆ ಏಳುವ ಪ್ರಶ್ನೆ ಸರಳ: ಯಾವುದು ಯಾವುದರಿಂದ ಆಯಿತು? ಈಗ ಆ ಕಾರಣ ಹೋಗಿದೆಯೇ?

ಎರಡನೆಯದು ಹೆಚ್ಚು ಮುಖ್ಯ, ಹೆಚ್ಚು ಜನ ಮರೆಯುವುದೂ ಅದನ್ನೇ. ಕಷ್ಟಕ್ಕೆ ಎರಡು ಮೂರು ವಾಕ್ಯ ಕೊಡಿ. ಈಗ ಏನು ಬದಲಾಗಿದೆ ಎಂಬುದಕ್ಕೆ ಅಷ್ಟಾದರೂ ಕೊಡಿ.

ಪತ್ರ ಹೋಗುವುದು ಇಂಗ್ಲಿಷಿನಲ್ಲಿ, ಆದರೂ ಅಳತೆ ಸಿಗಲಿ ಎಂದು ಕನ್ನಡದಲ್ಲೇ ತೋರಿಸುತ್ತೇನೆ. ಅವನು ಬರೆದಿದ್ದ ಮೊದಲ ಸಾಲು: 'ಬದುಕು ನನ್ನನ್ನು ಪಾತಾಳಕ್ಕೆ ತಳ್ಳಿತು, ಅಲ್ಲಿಂದ ನಾನು ಎದ್ದು ಬಂದೆ.' ಕೂತು ತಿದ್ದಿದ ಮೇಲೆ ಆದದ್ದು: 'ಅಕ್ಟೋಬರ್‌ನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಮಾರ್ಚ್‌ವರೆಗೆ ವಾರಕ್ಕೆ ನಾಲ್ಕು ದಿನ ನಾನೇ ಅವರ ಜೊತೆ ಇದ್ದೆ. ಆ ಎರಡು ಸೆಮಿಸ್ಟರ್‌ಗಳಲ್ಲಿ ಐದು ಕೋರ್ಸ್ ಕಳೆದುಕೊಂಡೆ. ಎರಡನೆಯ ಸೆಮಿಸ್ಟರಿನಲ್ಲಿ ವಿತ್‌ಡ್ರಾ ಮಾಡಬಹುದಿತ್ತು, ಮಾಡಲಿಲ್ಲ. ಅದು ನನ್ನ ತಪ್ಪು. ಏಪ್ರಿಲ್‌ನಿಂದ ಅವರನ್ನು ಚಿಕ್ಕಪ್ಪನ ಮನೆಯವರು ನೋಡಿಕೊಳ್ಳುತ್ತಿದ್ದಾರೆ. ಬಿದ್ದ ಕ್ಯಾಲ್ಕುಲಸ್ ಮತ್ತೆ ಓದಿ ಎ ತೆಗೆದೆ. ವಾರಕ್ಕೊಮ್ಮೆ ಕೌನ್ಸೆಲರ್ ಕಾಣುತ್ತೇನೆ.'

'ಅದು ನನ್ನ ತಪ್ಪು' ಎಂಬ ಸಾಲನ್ನು ಅವನ ತಾಯಿ ತೆಗೆಸಲು ನೋಡಿದರು. ನಾನು ಬಿಡಲಿಲ್ಲ. ಎಲ್ಲವೂ ಕಷ್ಟದ್ದೇ, ನನ್ನದೇನೂ ಇಲ್ಲ ಎನ್ನುವ ಪತ್ರವನ್ನು ಓದುವವರು ನಂಬುವುದು ಕಷ್ಟ. ಒಂದೇ ಒಂದು ತಪ್ಪು ಒಪ್ಪಿಕೊಳ್ಳಿ, ನಿಜವಾದದ್ದನ್ನು. ಎರಡು ಮೂರು ಒಪ್ಪಿಕೊಂಡು ಎದೆ ಬಡಿದುಕೊಳ್ಳಬೇಡಿ.

ಮನಸ್ಸಿನ ಕಾಯಿಲೆ ಇದ್ದವರು ರೋಗದ ಹೆಸರು ಹೇಳಬೇಕೇ ಎಂದು ಕೇಳುತ್ತಾರೆ. ಬೇಕಿಲ್ಲ. 'ಆರೋಗ್ಯದ ತೊಂದರೆ, ಈಗ ಚಿಕಿತ್ಸೆಯಲ್ಲಿ ಹಿಡಿತಕ್ಕೆ ಬಂದಿದೆ' ಎಂದರೆ ಸಾಕು. ಹಳೆಯ ಕಾಲೇಜಿನ ಪ್ರೊಫೆಸರನ್ನು ಬೈಯಬೇಡಿ, ಅವರು ಬೈಸಿಕೊಳ್ಳಲು ಯೋಗ್ಯರಾಗಿದ್ದರೂ. ಬರೆಯುವ ಮುನ್ನ ಎಡಕ್ಕೆ ತಿಂಗಳು, ಬಲಕ್ಕೆ ಗ್ರೇಡ್ ಇರುವ ಒಂದು ಹಾಳೆ ಮಾಡಿಕೊಳ್ಳಿ. ಪತ್ರದ ಪ್ರತಿ ವಾಕ್ಯ ಆ ಹಾಳೆಯ ಒಂದು ಸಾಲಿಗೆ ಕೂರಬೇಕು. ಕೂರದ ವಾಕ್ಯ ಎಷ್ಟೇ ಚೆಂದವಿದ್ದರೂ ಹೊಡೆದುಹಾಕಿ.

ಸಾವಿರಾರು ಡಾಲರ್ ತೆಗೆದುಕೊಂಡು 'ಕಥೆ ಕಟ್ಟಿಕೊಡುವ' ಕನ್ಸಲ್ಟೆಂಟ್‌ಗಳಿದ್ದಾರೆ. ಅಂಥ ಮೂರು ಪತ್ರ ನೋಡಿದ್ದೇನೆ, ಮೂರರಲ್ಲೂ ಕೊನೆಗೆ ಒಂದು ಸೂರ್ಯೋದಯ ಇತ್ತು. ಚಾಟ್‌ಬಾಟ್ ಬರೆದುಕೊಟ್ಟದ್ದೂ ಅದೇ ಜಾತಿ, ಅಗ್ಗದ್ದು ಅಷ್ಟೆ. ವ್ಯಾಕರಣ ನೋಡಲು ಕಾಲೇಜಿನ ರೈಟಿಂಗ್ ಸೆಂಟರ್ ಇದೆ, ಬಿಡಿಗಾಸು ಕೇಳುವುದಿಲ್ಲ.

6. ಶಿಫಾರಸು ಮತ್ತು ವರದಿ

ಬಿದ್ದ ಕೋರ್ಸನ್ನು ಮತ್ತೆ ಓದಿಸಿದ ಪ್ರೊಫೆಸರ್ ಸಿಕ್ಕರೆ ಅವರನ್ನೇ ಕೇಳಿ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಹಾಕುವವರಿಂದ ಹಲವು ಕಾಲೇಜುಗಳು 'ಕಾಲೇಜ್ ರಿಪೋರ್ಟ್' ಕೇಳುತ್ತವೆ. ಅದನ್ನು ನಿಮ್ಮ ಈಗಿನ ಕಾಲೇಜಿನ ಡೀನ್ ಅಥವಾ ರಿಜಿಸ್ಟ್ರಾರ್ ಕಚೇರಿ ತುಂಬಬೇಕು. ಪ್ರೊಬೇಷನ್ ವಿಷಯ ಅಲ್ಲಿಂದ ಹೇಗೂ ಹೋಗಬಹುದು, ನಿಮ್ಮ ಬಾಯಿಂದ ಮೊದಲು ಹೋಗಿರಲಿ. ಆ ನಮೂನೆಯನ್ನು ಕೊನೆಯ ದಿನಕ್ಕೆ ಮೂರು ವಾರ ಮುಂಚೆ ಅವರ ಕೈಗೆ ಕೊಡಿ.

7. ಹಣ

ಹೊಸ ಕಾಲೇಜಿನಲ್ಲಿ ಸರ್ಕಾರಿ ಶೈಕ್ಷಣಿಕ ನೆರವು ನಿಲ್ಲುವ ಸಾಧ್ಯತೆ ಇದೆ, ಏಕೆಂದರೆ ನೆರವು ಪಡೆಯುವವರು ಓದಿನಲ್ಲಿ ತೃಪ್ತಿಕರ ಪ್ರಗತಿ ತೋರಿಸಬೇಕು ಎಂಬ ನಿಯಮವಿದೆ. ನಿಂತರೆ ಕಾಲೇಜಿನಲ್ಲಿ ಮೇಲ್ಮನವಿಗೆ ಅವಕಾಶವಿದೆಯೇ ಎಂದು ಕೇಳಿ. ಅದರಲ್ಲಿ ಕೇಳುವುದೂ ಅವೆರಡೇ: ಏಕೆ ಹಿಂದೆ ಬಿದ್ದಿರಿ, ಈಗ ಏನು ಬದಲಾಗಿದೆ. ಐದನೆಯ ಹೆಜ್ಜೆಯ ಹಾಳೆ ಮತ್ತೆ ಕೆಲಸಕ್ಕೆ ಬರುತ್ತದೆ, ಎಸೆಯಬೇಡಿ.

8. ಕಳಿಸಿದ ಮೇಲೆ

ಅರ್ಜಿ ಹೋದ ಸೆಮಿಸ್ಟರಿನಲ್ಲೂ ಓದಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಜನವರಿಯಲ್ಲಿ ಹೊಸ ಗ್ರೇಡ್‌ಗಳನ್ನು ತುಂಬಲು ಹೇಳುತ್ತದೆ, ಆ ಇಮೇಲ್ ಕಸದ ಡಬ್ಬಿಗೆ ಹೋಗಿ ಕೂರುವುದುಂಟು. ಎಫ್-1 ವೀಸಾದವರು ಸೀಟು ಸಿಕ್ಕ ಮೇಲೆ ಸೆವಿಸ್ ದಾಖಲೆ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ದಾಖಲೆ) ಯಾವ ದಿನ ಹೊಸ ಕಾಲೇಜಿಗೆ ಹೋಗಬೇಕು ಎಂದು ಹಳೆಯ ಡಿಎಸ್‌ಒ ಜೊತೆ ಕೂತು ನಿಗದಿ ಮಾಡಿಕೊಳ್ಳಿ. ಆ ದಿನದಿಂದ ಐದು ತಿಂಗಳೊಳಗೆ ತರಗತಿ ಶುರುವಾಗಬೇಕು, ಹಾಗಾಗಿ ಬೇಸಿಗೆ ರಜೆಗೆ ಊರಿಗೆ ಬರುವ ಟಿಕೆಟ್ ಅದಾದ ಮೇಲೆ ತೆಗೆಯಿರಿ.